ಬೆಟ್ಟಗಳ ನೆಂಟಸ್ತಿಕೆ

ನನ್ನ ಮೇಜಿನ ಮೇಲೆ ಒಂದು ಕರಿ ಕಲ್ಲಿನ ಚೂರು ಇದೆ. ಹುಣಸೆಬೀಜಕ್ಕಿಂತ ಒಂದಿಷ್ಟು ದೊಡ್ಡದು, ಯಾವ ಕೆಲಸಕ್ಕೂ ಬಾರದ್ದು. ಕಾಗದ ಹಾರದಂತೆ ಮೇಲಿಡೋಣವೆಂದರೆ ಕಾಗದದ ಜೊತೆ ತಾನೂ ಉರುಳಿಹೋಗುತ್ತದೆ. ಇದನ್ನು ನಾನು ತಂದದ್ದಲ್ಲ, ಅದೇ ಬಂದದ್ದು. ಮಲ್ಪೆಯಿಂದ ದೋಣಿ ಹತ್ತಿ ಹೋಗುವ ದ್ವೀಪವೊಂದಿದೆಯಲ್ಲ, ಅಲ್ಲಿ ಕಡಲಿಗೆ ಮೂತಿ ಚಾಚಿ ನಿಂತ ಬಂಡೆಗಳ ಮೇಲೆ ಒಂದು ಬೆಳಗೆಲ್ಲ ಅಡ್ಡಾಡಿದ್ದೆ. ಊರಿಗೆ ಬಂದು ಚಪ್ಪಲಿ ಕೊಡವಿದರೆ ಪಟ್ಟಿಯ ಸಂದಿಯಿಂದ ಇದು ಟಣ್ಣೆಂದು ಬಿತ್ತು. ವಾಪಸು ಕೊಟ್ಟು ಬರಬೇಕು. ಇನ್ನೊಮ್ಮೆ ಮೀನೂಟಕ್ಕೆ ಹೋಗಲು ಅದೊಂದು ನೆಪವಾಯಿತು.

ಆ ಬಂಡೆಗಳನ್ನು ನೀವು ನೋಡಿದ್ದೀರೋ ಇಲ್ಲವೋ. ಐದು ಮೂಲೆಯ, ಆರು ಮೂಲೆಯ ಕಂಬಗಳು. ಯಾರೋ ಬಡಗಿ ಅಳತೆ ಹಿಡಿದು ಕೊಯ್ದು ಒತ್ತಾಗಿ ಜೋಡಿಸಿಟ್ಟಂತೆ ನಿಂತಿವೆ. ನಮ್ಮ ದೋಣಿಯವನು ಅವುಗಳ ಕಡೆ ಕೈ ತೋರಿಸಿ, "ಇದೆಲ್ಲ ಬೆಂಕಿ ಮಾರಾಯ್ರೆ. ಭೂಮಿ ಒಳಗಿಂದ ಕಾರಿದ್ದು. ಹೊರಗೆ ಬಂದು ತಣಿಯುವಾಗ ಹೀಗೆ ಸೀಳಿ ಸೀಳಿ ನಿಂತದ್ದು" ಅಂದ. ನಾವೆಲ್ಲ ತಲೆದೂಗಿದೆವು. ಸ್ವಲ್ಪ ಹೊತ್ತಿಗೆ ಒಂದು ಪುಟ್ಟ ಹುಡುಗಿ ಅದನ್ನೇ ಕೇಳಿದಾಗ, ಅದೇ ಗಂಭೀರ ಮುಖದಲ್ಲಿ ಬೇರೆಯೇ ಹೇಳಿದ. ಕಡಲು ಒಮ್ಮೆ ಭೂಮಿಯ ಮೇಲೆ ಮುನಿಸಿಕೊಂಡು ಊರೊಳಗೆ ನುಗ್ಗಲು ಹೊರಟಿತಂತೆ. ಭೂಮಿತಾಯಿ ಅವಸರದಲ್ಲಿ ಕೈಗೆ ಸಿಕ್ಕ ಕಂಬಗಳನ್ನೆಲ್ಲ ನೆಟ್ಟು ಬೇಲಿ ಕಟ್ಟಿದಳಂತೆ. "ಎರಡರಲ್ಲಿ ಯಾವುದು ನಿಜ?" ಎಂದೆ. "ಎರಡೂ ನಿಜವೇ. ಒಂದು ಪರೀಕ್ಷೆಗೆ, ಒಂದು ಮಕ್ಕಳಿಗೆ" ಎಂದು ಬೀಡಿ ಹಚ್ಚಿದ.

ನನಗೆ ತಟ್ಟನೆ ನಮ್ಮಜ್ಜಿ ನೆನಪಾದಳು. ಕಲ್ಲು ಹುಟ್ಟಿದ ವಿಷಯವೇ ಬೇರೆ, ಕಲ್ಲಿನ ಕತೆಯೇ ಬೇರೆ ಎಂದು ಅವಳೂ ನಂಬಿದವಳಲ್ಲ. ಎರಡನ್ನೂ ಒಂದೇ ಪಾತ್ರೆಗೆ ಹಾಕಿ ತಿರುವಿ, ನನ್ನ ಮದುವೆಯನ್ನು ಅದರಲ್ಲಿ ಇನ್ನೇನು ಮುಳುಗಿಸಿಯೇಬಿಟ್ಟಿದ್ದಳು.

ನಮ್ಮೂರು ಹುಣಸೆದೊಡ್ಡಿ, ಕೈಲಾಂಚ ಹೋಬಳಿ. ನಮ್ಮ ಕಡೆ ನೆಲ ಅಂದರೆ ಬಂಡೆಯ ಮೇಲೆ ಅಪ್ಪಿತಪ್ಪಿ ಬಿದ್ದಿರುವ ಮಣ್ಣು. ನೇಗಿಲಿಗೆ ಕಲ್ಲು, ಬಾವಿಗೆ ಕಲ್ಲು, ಮನೆಯ ಪಾಯಕ್ಕೆ ಅಗೆದರೆ ಮೊಳದಾಳದಲ್ಲಿ ಕಲ್ಲು. ನಾವು ರಾಗಿ ಒಣಗಿಸಿದ್ದೂ ಬಂಡೆಯ ಮೇಲೆ, ಮಗ್ಗಿ ಬಾಯಿಪಾಠ ಮಾಡಿದ್ದೂ ಬಂಡೆಯ ಮೇಲೆ. ಚಳಿಗಾಲದ ಸಂಜೆ ಹೊಟ್ಟೆ ಅಡಿಯಾಗಿ ಮಲಗಿದರೆ ಹಗಲಿನ ಬಿಸಿಲನ್ನೆಲ್ಲ ಅದು ವಾಪಸು ಕೊಡುತ್ತಿತ್ತು. ಮಳೆಗಾಲದಲ್ಲಿ ಬಂಡೆಯ ಗುಳಿಗಳಲ್ಲಿ ನೀರು ನಿಂತು ಗೊದಮೊಟ್ಟೆ ಓಡಾಡುತ್ತಿದ್ದವು. ಜಾರುಬಂಡೆಯಲ್ಲಿ ಜಾರಿ ಜಾರಿ ನನ್ನ ಚಡ್ಡಿಯ ಹಿಂಭಾಗ ಹರಿದು, ಅವ್ವ ತೇಪೆಯ ಮೇಲೆ ತೇಪೆ ಹಾಕಿ, ಕೊನೆಗೆ ಚಡ್ಡಿ ಯಾವುದು ತೇಪೆ ಯಾವುದು ಎಂದು ತಿಳಿಯದಂತಾಗಿತ್ತು. ದೂರದ ಬೆಟ್ಟ ನುಣ್ಣಗೆ ಎನ್ನುವವರು ಹತ್ತಿರದ ಬೆಟ್ಟದ ಮೇಲೆ ಕುಂಡೆ ಇಟ್ಟು ಜಾರಿದವರಲ್ಲ.

ಊರ ಬೆನ್ನಿಗೆ ಕರಿಬೆಟ್ಟ. ಅದರ ಮಗ್ಗುಲಿಗೆ ಒತ್ತಿಕೊಂಡು ಕೆಂಪುಬೆಟ್ಟ, ಆ ಬೆಟ್ಟದ ಬುಡದಲ್ಲಿ ಕೋಡಿಪಾಳ್ಯ. ನಡುವಿನ ಕಣಿವೆಯಲ್ಲಿ ಆನೆ ಗಾತ್ರದ, ಎಮ್ಮೆ ಗಾತ್ರದ, ಕುಂಬಳಕಾಯಿ ಗಾತ್ರದ ಗುಂಡುಕಲ್ಲುಗಳು ಚೆಲ್ಲಾಪಿಲ್ಲಿ. ಎರಡು ಬೆಟ್ಟಗಳೂ ಮೊದಲು ಹೆಂಗಸರಂತೆ, ಅಕ್ಕಪಕ್ಕದ ಮನೆಯವರು. ಒಂದು ಬೆಳಗ್ಗೆ ಕೆಂಪುಬೆಟ್ಟದವಳು ಒಲೆ ಹಚ್ಚಲು ಕೆಂಡ ಕೇಳಿಕೊಂಡು ಬಂದಳು. ಕರಿಬೆಟ್ಟದವಳು ಒಲೆಯಲ್ಲಿ ನಿಗಿನಿಗಿ ಕೆಂಡವಿದ್ದರೂ "ಬರೀ ಬೂದಿ ಕಣವ್ವ" ಎಂದಳು. ಹೊರಟವಳು ಹಿಂತಿರುಗಿ ನೋಡಿದರೆ ಮಾಡಿನ ಸಂದಿಯಲ್ಲಿ ಹೊಗೆ! ಸಿಟ್ಟಿಗೆ ಕೈಗೆ ಸಿಕ್ಕ ಕಲ್ಲನ್ನೆಲ್ಲ ಎಸೆದಳು. ಇವಳು "ನಿನ್ನ ಮನೆಗೂ ನನ್ನ ಮನೆಗೂ ಕೊಡೋದೂ ಇಲ್ಲ, ತರೋದೂ ಇಲ್ಲ" ಎಂದು ಶಾಪ ಹಾಕಿದಳು. ಮಾತು ಮುಗಿಯುವಷ್ಟರಲ್ಲಿ ಇಬ್ಬರೂ ಕಲ್ಲಾದರು.

ಅವರೇನೋ ಕಲ್ಲಾಗಿ ನೆಮ್ಮದಿಯಾಗಿದ್ದರು, ಶಾಪ ಉಂಡವರು ನಾವು. ಎರಡೂ ಊರುಗಳ ನಡುವೆ ಹೆಣ್ಣು ಕೊಟ್ಟು ತರುವುದಿಲ್ಲ. ಅದಿರಲಿ, ಬೆಂಕಿಯನ್ನೂ ಕೊಟ್ಟು ತರುವುದಿಲ್ಲ. ಕೈಲಾಂಚದ ಬಸ್‌ಸ್ಟಾಪಿನಲ್ಲಿ ಕೋಡಿಪಾಳ್ಯದವನೊಬ್ಬ ಬಾಯಲ್ಲಿ ಬೀಡಿ ಇಟ್ಟುಕೊಂಡು ಬೆಂಕಿಪೊಟ್ಟಣಕ್ಕಾಗಿ ಜೇಬು ತಡಕುತ್ತಿದ್ದರೆ, ಪಕ್ಕದಲ್ಲೇ ಸೇದುತ್ತ ನಿಂತ ನಮ್ಮೂರವನು ಆಕಾಶ ನೋಡುತ್ತಿದ್ದ. ಜಗಳವಲ್ಲ, ನೆನಪಿಡಿ. ಮಳೆ, ಬೆಳೆ, ರೇಷ್ಮೆಗೂಡಿನ ರೇಟು, ಹಾಲಿನ ಡೇರಿ ಎಲ್ಲವನ್ನೂ ಮಾತಾಡುತ್ತಿದ್ದರು. ಉಳುಮೆಗೆ ಎತ್ತು ಬೇಕಾದರೆ ಎತ್ತನ್ನೂ ಕೊಡುತ್ತಿದ್ದರು. ಕಡ್ಡಿ ಗೀರಿ ಕೊಡುವುದು ಮಾತ್ರ ಇಲ್ಲ. ದೀಪಾವಳಿಯಲ್ಲಿ ನಾನೊಮ್ಮೆ ಕೋಡಿಪಾಳ್ಯದ ಹುಡುಗನ ಸುರ್‌ಸುರ್‌ಬತ್ತಿಯಿಂದ ನನ್ನದನ್ನು ಹಚ್ಚಿಕೊಂಡೆನೆಂದು ಅಜ್ಜಿ ನನ್ನನ್ನು ತಲೆಗೆ ನೀರು ಹುಯ್ದೇ ಒಳಗೆ ಬಿಟ್ಟಿದ್ದಳು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಹಾರೋಹಳ್ಳಿ ಕಡೆ ಕಾರ್ಖಾನೆಗಳು ಎದ್ದವು. ಊರೂರ ಗೇಟಿಗೂ ಕಂಪನಿ ಬಸ್ಸು ಬರತೊಡಗಿತು. ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ ಹೈಕಳೆಲ್ಲ ನೀಲಿ ಅಂಗಿ ತೊಟ್ಟು, ಕೊರಳಿಗೆ ಫೋಟೋ ಕಾರ್ಡು ನೇತುಹಾಕಿಕೊಂಡು ನಿಂತೆವು. ಬಸ್ಸಿಗೆ ಕರಿಬೆಟ್ಟ ಕೆಂಪುಬೆಟ್ಟ ಗೊತ್ತಿಲ್ಲ. ಹುಣಸೆದೊಡ್ಡಿ ಗೇಟಿನಲ್ಲಿ ನಮ್ಮನ್ನು ತುಂಬಿಕೊಂಡು, ಮುಂದೆ ಕೋಡಿಪಾಳ್ಯದ ಗೇಟಿನಲ್ಲಿ ಅವರನ್ನೂ ತುಂಬಿಕೊಳ್ಳುತ್ತಿತ್ತು. ನನ್ನದು ಬಾಟಲಿ ಮುಚ್ಚಳ ಮಾಡುವ ಕೆಲಸ. ಪ್ಲಾಸ್ಟಿಕ್ಕನ್ನು ಕರಗಿಸಿ ಅಚ್ಚಿಗೆ ಬಿಟ್ಟು ತಣಿಸುವುದು. ಆ ಮುಚ್ಚಳಗಳನ್ನು ಪ್ಯಾಕಿಂಗ್‌ನಲ್ಲಿ ಪರೀಕ್ಷೆ ಮಾಡುತ್ತಿದ್ದವಳು ಕೋಡಿಪಾಳ್ಯದ ಭಾಗ್ಯ. ಒಂದೊಂದನ್ನೂ ಕಣ್ಣಿನ ಮಟ್ಟಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, "ಹುಣಸೆದೊಡ್ಡಿಯೋರ ಕೈಲಿ ಒಂದಾದ್ರೂ ನೆಟ್ಟಗಿರೋದು ಬತ್ತದಾ?" ಎಂದು ಪಕ್ಕದ ಡಬ್ಬಕ್ಕೆ ಎಸೆಯುತ್ತಿದ್ದಳು. ಅವಳು ಮಾತಾಡಿಸಲೆಂದು ನಾನು ಬೇಕೆಂದೇ ಸೊಟ್ಟ ಮಾಡುತ್ತಿದ್ದೆನೆಂದು ಜೊತೆಯವರು ಹಬ್ಬಿಸಿದ್ದರು. ಸುಳ್ಳು. ನನಗೆ ಬರುತ್ತಿದ್ದದ್ದೇ ಅಷ್ಟು.

ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮದುವೆಯಾದರೆ ಇವಳನ್ನೇ ಎಂದು ನನಗೂ, ಈ ಸೊಟ್ಟ ಮುಚ್ಚಳದವನೇ ಸಾಕು ಎಂದು ಅವಳಿಗೂ ಅನ್ನಿಸಿತು. ಜಾತಿ ಒಂದೇ, ಬೆಡಗು ಅಂದರೆ ಗೋತ್ರ ಬೇರೆ. ಬೆಟ್ಟವೊಂದನ್ನು ಬಿಟ್ಟರೆ ಬೇರೆ ಅಡ್ಡಿಯಿರಲಿಲ್ಲ. ಮನೆಯಲ್ಲಿ ಬಾಯಿಬಿಟ್ಟೆ. ಅಪ್ಪ ಸೂರಿನ ಕಡೆ ನೋಡಿದ. ನಮ್ಮ ಮನೆಯಲ್ಲಿ ಅಪ್ಪನಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳೆಲ್ಲ ಸೂರಿಗೆ, ಅಲ್ಲಿಂದ ಅಜ್ಜಿಗೆ ಹೋಗುತ್ತಿದ್ದವು.

"ಹುಡ್ಗಿ ಚಿನ್ನದಂತೋಳೇ ಇರ್ಬೋದು ಕಣಪ್ಪ" ಎಂದಳು ಅಜ್ಜಿ. "ನಾನೇನ್ ಬ್ಯಾಡ ಅಂತೀನಾ? ಬೆಟ್ಟ ಒಪ್ಪಾಕಿಲ್ಲ."

ಕೋಡಿಪಾಳ್ಯದಲ್ಲಿ ಭಾಗ್ಯಳ ತಾತನೂ ಇದೇ ಮಾತು ಹೇಳಿದನಂತೆ. ಹೇಳಿ ಸುಮ್ಮನಿರದೆ ಮಾಗಡಿ ಕಡೆಯ ಗಂಡೊಂದಕ್ಕೆ ಹೇಳಿ ಕಳಿಸಿದ. ಅಮಾವಾಸ್ಯೆ ಕಳೆದ ಮೇಲೆ ಅವರು ನೋಡಲು ಬರುವುದೆಂದೂ ಆಯಿತು. ಆ ದಿನಗಳಲ್ಲಿ ನಾನು ಮಾಡಿದ ಮುಚ್ಚಳಗಳನ್ನು ಭಾಗ್ಯ ಬೈಯದೆ ಡಬ್ಬಕ್ಕೆ ಹಾಕುತ್ತಿದ್ದಳು. ನನಗೆ ನಿಜವಾಗಿ ಭಯವಾದದ್ದು ಆಗ.

ಅಂಥದ್ದರಲ್ಲಿ ವಾರದ ರಜೆಯ ದಿನವೊಂದರಂದು, ನಮ್ಮ ಬೆಟ್ಟದ ಬುಡಕ್ಕೆ ಬೆಂಗಳೂರಿನ ಕಾಲೇಜೊಂದರ ವ್ಯಾನು ಬಂತು. ಒಬ್ಬ ಮೇಷ್ಟ್ರು, ಹಿಂದೆ ಹುಡುಗ ಹುಡುಗಿಯರು, ಎಲ್ಲರ ಕೈಯಲ್ಲೂ ಸುತ್ತಿಗೆ. ಆ ಕಾಲಕ್ಕೆ ಬಂಡೆಗೆ ಸುತ್ತಿಗೆ ತಾಗಿಸಿದವರೆಲ್ಲ ಕ್ವಾರಿಯವರೇ ಎಂದು ಊರಿನ ಲೆಕ್ಕ. ಅತ್ತ ಕನಕಪುರದ ರಸ್ತೆಯ ಗುಡ್ಡಗಳು ಅದಾಗಲೇ ಲಾರಿ ಹತ್ತಿ ಹೋಗುತ್ತಿದ್ದವು. ಜನ ಗುಂಪುಗೂಡಿದರು. ಮೇಷ್ಟ್ರು ಒಂದು ಚಕ್ಕೆ ಒಡೆದು ಭೂತಗನ್ನಡಿಯಲ್ಲಿ ನೋಡಿ, ಸಾಲದೆಂದು ಅದನ್ನು ನಾಲಗೆಯಿಂದ ನೆಕ್ಕಿದರು. ಕ್ವಾರಿಯವರು ಕಲ್ಲು ನೆಕ್ಕುವುದಿಲ್ಲವೆಂದು ಎಲ್ಲರಿಗೂ ಸಮಾಧಾನವಾಗಿ ಚದುರಿದರು. ದಾರಿ ತೋರಿಸಲು ನಾನು ಉಳಿದುಕೊಂಡೆ.

ಅವರು ಹುಡುಗರಿಗೆ ಹೇಳುತ್ತಿದ್ದುದನ್ನು ಕೇಳುತ್ತ ನಾನು ಅವರ ಬೆನ್ನಿಗೇ ಅಂಟಿಕೊಂಡೆ. ಈ ಬೆಟ್ಟಗಳೆಲ್ಲ ನೂರಾರು ಕೋಟಿ ವರ್ಷಗಳ ಹಿಂದೆ ಕರಗಿದ ಬೆಂಕಿಯಂತೆ. ಜ್ವಾಲಾಮುಖಿಯ ಹಾಗೆ ಹೊರಗೆ ಉಕ್ಕಲಿಲ್ಲ, ನೆಲದ ಆಳದಲ್ಲೇ ಉಳಿದು ನಿಧಾನಕ್ಕೆ ತಣಿದವು. ಮೇಲಿನ ನೆಲ ಸವೆದು ಸವೆದು ಈಗ ಕಾಣುತ್ತಿವೆ. ಕರಿಬೆಟ್ಟದ ಪಟ್ಟೆ ಪಟ್ಟೆ ಕಲ್ಲು ಹಳೆಯದು; ಕೆಂಪು ಕಲ್ಲು ಆಮೇಲೆ ಕರಗಿ ಬಂದು ಅದರ ಮಗ್ಗುಲನ್ನು ಸೀಳಿಕೊಂಡು ಬೆಸೆದುಕೊಂಡದ್ದು. ಮೇಲೆ ಎರಡು ಬೆಟ್ಟ, ಕೆಳಗೆ ಬಿಡಿಸಲಾಗದ ಒಂದೇ ಬಂಡೆ. ಕಣಿವೆಯ ಗುಂಡುಗಳನ್ನು ಯಾರೂ ಎಸೆದದ್ದಲ್ಲ. ಬಿರುಕಿಗೆ ನೀರಿಳಿದು, ಮೂಲೆಗಳೆಲ್ಲ ಕಳಚಿ ಉರುಟಾದದ್ದು.

ಕರಗಿದ್ದನ್ನು ತಣಿಸುವುದು ನನ್ನ ಹೊಟ್ಟೆಪಾಡಾದ್ದರಿಂದ ಅವರ ಮಾತು ನನಗೆ ಚೆನ್ನಾಗಿಯೇ ಹಿಡಿಯಿತು. ಬೇಗ ತಣಿಸಿದರೆ ಸೀಳುತ್ತದೆ, ನಿಧಾನವಾದರೆ ಗಟ್ಟಿಯಾಗುತ್ತದೆ. ಮಲ್ಪೆಯ ಆ ಕಂಬಗಳನ್ನು ನೋಡುವಾಗ ಇದೇ ನೆನಪಾದದ್ದು. ಆ ಕಡಲ ಕಡೆಯ ಕಲ್ಲು ಸಿಟ್ಟನ್ನು ಹೊರಗೆ ಕಾರಿ, ಗಾಳಿಗೆ ತಣ್ಣಗಾಗಿ ಹಗುರಾಯಿತು. ನಮ್ಮ ಕಡೆಯದು ಒಳಗೇ ಇಟ್ಟುಕೊಂಡು ಎಷ್ಟೋ ಕಾಲ ಬೆಂದಿತು. ನಮ್ಮ ಜನವೂ ಹಾಗೆಯೇ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಅಂದು ಮಾತ್ರ ಇಷ್ಟೆಲ್ಲ ತತ್ವ ಹೊಳೆಯಲಿಲ್ಲ. ಯಾರೂ ಕಲ್ಲು ಎಸೆದಿಲ್ಲ ಅಂದ ಮೇಲೆ ಜಗಳವಿಲ್ಲ, ಜಗಳವಿಲ್ಲ ಅಂದ ಮೇಲೆ ಶಾಪವಿಲ್ಲ, ಶಾಪವಿಲ್ಲ ಅಂದ ಮೇಲೆ ಭಾಗ್ಯ ನನ್ನವಳು. ಕಾಫಿಯ ನೆಪ ಹೇಳಿ ಮೇಷ್ಟ್ರನ್ನು ಕೈಹಿಡಿದು ಎಳೆದುಕೊಂಡೇ ಮನೆಗೆ ಬಂದೆ.

ಅಜ್ಜಿ ಬೆಲ್ಲದ ಕಾಫಿ ಕೊಟ್ಟು ಎದುರಿಗೆ ಕೂತಳು. "ಬಂಡೆ ಯಾಕ್ ನೆಕ್ತಿದ್ರಿ ಸ್ವಾಮಿ? ಮನೇಲಿ ಉಪ್ಪಿಗೆ ಬರವಾ?" ಎಂದು ವಿಚಾರಿಸಿದಳು. ಮೇಷ್ಟ್ರು ನಕ್ಕರು. ಆಮೇಲೆ ನಾನು ಕೇಳಿಕೊಂಡಂತೆ ಎಲ್ಲವನ್ನೂ ಸರಳವಾಗಿ, ಬಹಳ ಚೆನ್ನಾಗಿ ಹೇಳಿದರು. ಅಜ್ಜಿ ಪುರಾಣ ಕೇಳುವಾಗಿನಂತೆ ಗಲ್ಲಕ್ಕೆ ಕೈಕೊಟ್ಟು ಕೇಳಿದಳು.

"ಹಂಗಾರೆ ಎರಡ್ ಬೆಟ್ಟನೂ ಒಂದೇ ಅಂತೀರಾ?"

"ಒಂದೇ ಅಮ್ಮ. ಕೆಳಗೆ ಒಂದೇ."

"ಒಂದೇ ಹೊಟ್ಟೇಲಿ ಹುಟ್ಟಿದ್ದಾ?"

"ಹಾಗೇ ಅನ್ನಿ. ಭೂಮಿತಾಯಿ ಹೊಟ್ಟೇಲಿ. ನಿಮ್ಮ ಕಡೆಯದು ಮೊದಲು, ಆ ಕಡೆಯದು ಆಮೇಲೆ."

ಗೆದ್ದೆ ಎಂದುಕೊಂಡೆ. ಅಜ್ಜಿ ನಿಧಾನಕ್ಕೆ ನನ್ನ ಕಡೆ ತಿರುಗಿದಳು. ಮುಖದಲ್ಲಿ ನಿಜವಾದ ಮರುಕವಿತ್ತು.

"ಕೇಳಿಸ್ಕಂಡ್ಯಾ ಮಗ? ನಾನು ಅಕ್ಕಪಕ್ಕದೋರು ಅಂದ್ಕಂಡಿದ್ದೆ. ಅಕ್ಕಪಕ್ಕದೋರ ಜಗಳ ಅಲ್ವಾ, ಪೂಜೆ ಗೀಜೆ ಮಾಡ್ಸಿ ಹೆಂಗೋ ಸರಿ ಮಾಡನಾ ಅಂತ ಒಸಿ ಮನಸೂ ಮಾಡಿದ್ದೆ. ಇವರು ನೋಡುದ್ರೆ ಅಕ್ಕತಂಗೇರು ಅಂತಾವ್ರೆ. ಅಕ್ಕನ್ ಮಕ್ಳಿಗೂ ತಂಗಿ ಮಕ್ಳಿಗೂ ಮದ್ವೆ ಮಾಡ್ತಾರೇನಪ್ಪ? ಆ ಹುಡ್ಗಿ ನಿಂಗೆ ತಂಗಿ ಆಗ್ಬುಟ್ಲು."

ಮೇಷ್ಟ್ರು ಏನಾಯಿತೆಂದು ಕಣ್ಣಿನಲ್ಲೇ ಕೇಳಿದರು. ಏನೆಂದು ಹೇಳಲಿ? ವಿಜ್ಞಾನ ಜನರಿಗೆ ತಲುಪಿತೆಂಬ ಸಂತೋಷದಲ್ಲಿ ಅವರು ಅಜ್ಜಿಗೆ ಕೈಮುಗಿದು ಹೊರಟುಹೋದರು. ಶಾಪಕ್ಕಾದರೆ ಪರಿಹಾರವಿರುತ್ತದೆ, ತಂಗಿಗೆ ಯಾವ ಪರಿಹಾರ? ನಾನು ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತೆ. ಅದೂ ಕರಿಬೆಟ್ಟದ್ದೇ ಎಂದು ನೆನಪಾಗಿ ಎದ್ದೆ.

ಮಾರನೆಯ ದಿನ ಕ್ಯಾಂಟೀನಿನಲ್ಲಿ ಭಾಗ್ಯಳಿಗೆ ಹೇಳಿದೆ. ಅಳುತ್ತಾಳೆಂದು ಹೆದರಿದ್ದೆ. ಅವಳು ನಕ್ಕಳು. ನಕ್ಕು ನಕ್ಕು ಅನ್ನ ನೆತ್ತಿಗೇರಿ, ನೀರು ಕುಡಿದು, ಕಣ್ಣೊರೆಸಿಕೊಂಡು ಆಮೇಲೆ ಸುಮ್ಮನೆ ಯೋಚಿಸಿದಳು. ಒಂದು ಮುಚ್ಚಳ ಕೈಯಲ್ಲಿದ್ದಿದ್ದರೆ ಕಣ್ಣಿನ ಮಟ್ಟಕ್ಕೆ ಹಿಡಿಯುತ್ತಿದ್ದಳೇನೋ.

"ಮೇಷ್ಟ್ರು ಅಕ್ಕ ತಂಗಿ ಅಂದ್ರಾ?"

"ಒಂದೇ ಹೊಟ್ಟೆ ಅಂದ್ರು."

"ಮತ್ತೆ! ಒಂದೇ ಹೊಟ್ಟೇಲಿ ಬರೀ ಹೆಣ್ಣೇ ಹುಟ್ತವಾ? ಹೋಗಿ ನಿಮ್ಮಜ್ಜಿನ ಒಂದೇ ಒಂದ್ ಮಾತು ಕೇಳು. ಕಲ್ಲು ಬೀರೋದು ಯಾರ ಬುದ್ಧಿ ಅಂತ ಕೇಳು. ಕೇಳ್ಬುಟ್ಟು ಬಾಯ್ ಮುಚ್ಕಂಡಿರು. ನಿಂಗದು ಕಷ್ಟ, ಆದ್ರೂ ಇರು."

ಅಂದು ಮನೆಯಲ್ಲಿ ರೇಷ್ಮೆಹುಳು ಹಣ್ಣಾಗಿದ್ದವು. ಗೂಡು ಕಟ್ಟಲು ಸಿದ್ಧವಾದ ಹುಳುಗಳನ್ನು ಅಜ್ಜಿ ತಟ್ಟೆಯಿಂದ ಆಯ್ದು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಆಯತೊಡಗಿದೆ.

"ಅಜ್ಜಿ, ಆವತ್ತು ಕಲ್ಲು ಬೀರಿದ್ದು ಕೆಂಪುಬೆಟ್ಟನೇ ಅಲ್ವಾ?"

"ಇನ್ಯಾರು?"

"ಮೇಷ್ಟ್ರು ಯಾರೂ ಬೀರಿಲ್ಲ ಅಂದ್ರಲ್ಲ."

"ಅವರೇನ್ ಇದ್ರಾ ಅಲ್ಲಿ?"

"ಅಲ್ಲ, ಕಲ್ಲು ಬೀರೋದು ಯಾರ ಬುದ್ಧಿ ಅಂತ."

ಅಜ್ಜಿ ಹುಳು ಆಯುತ್ತಲೇ ಇದ್ದಳು. ನಾನು ಬಾಯಿ ಮುಚ್ಚಿಕೊಂಡಿದ್ದೆ, ಬದುಕಿನಲ್ಲಿ ಅಷ್ಟು ಕಷ್ಟದ ಕೆಲಸವನ್ನು ಮತ್ತೆ ಮಾಡಿಲ್ಲ. ಒಂದು ಚಂದ್ರಿಕೆ ತುಂಬಿ ಇನ್ನೊಂದಕ್ಕೆ ಕೈ ಹಾಕಿದವಳು ಹಾಗೇ ನಿಂತಳು.

"ಹೆಣ್ಮಕ್ಳು ಬಾಯಲ್ಲಿ ಜಗಳ ಆಡ್ತಾರೆ ಕಣ್ಲಾ. ಮಣ್ಣು ತೂರ್ತಾರೆ, ನೆಟಿಕೆ ಮುರೀತಾರೆ. ಆನೆ ಗಾತ್ರದ ಕಲ್ಲು ಎತ್ತಿ ಬೀರ್ತಾರಾ? ಅದು ಗಂಡ್ ನನ್ ಮಕ್ಳ ಕೆಲ್ಸ. ಮೇಷ್ಟ್ರು ಏನಂದ್ರು? ಆಮ್ಯಾಕೆ ಬಂದು ಇದ್ರ ಮಗ್ಗಲ್ನೇ ಸೀಳ್ಕಂಡು ನುಗ್ತು ಅಂದ್ರಲ್ವಾ? ಗುಣನೂ ಗಂಡಿಂದೇ. ಅದು ತಂಗಿ ಅಲ್ಲ. ತಮ್ಮ!"

ನನಗೆ ಕೂಗಬೇಕೆನ್ನಿಸಿತು. ಕೂಗಲಿಲ್ಲ. ಅಜ್ಜಿಯ ಮುಖ ಮೊದಲು ಅರಳಿ, ಆಮೇಲೆ ನಿಧಾನಕ್ಕೆ ಕೆಂಪಾಯಿತು.

"ಹಂಗಾರೆ ನಮ್ದು ಅಕ್ಕನ್ ಮನೆ, ಅವರದು ತಮ್ಮನ್ ಮನೆ. ಸೋದರಮಾವನ ಕಡೆ ಹೆಣ್ಣು ಅದು! ನಮ್ಗೆ ಬರ್ಬೇಕಾದ್ ಹೆಣ್ಣ, ನಮ್ಮುನ್ನ ಒಂದ್ ಮಾತು ಕೇಳ್ದೆ ಮಾಗಡಿಗೆ ಕೊಡಾಕೆ ಹೊಂಟವ್ರಾ? ಎಷ್ಟ್ ಧೈರ್ಯ ಅವ್ರಿಗೆ! ನಡೀಲಾ, ನನ್ ಸೀರೆ ತಕ್ಕೊಡು."

ಹುಳು ಹಣ್ಣಾದ ದಿನ ಅಜ್ಜಿ ಮನೆ ಬಿಟ್ಟು ಹೊರಟದ್ದು ಅದೊಂದೇ ಸಲ. ಕಣಿವೆಯ ಗುಂಡುಗಳ ನಡುವೆ ದಾಪುಗಾಲು ಹಾಕುತ್ತಿದ್ದ ಅವಳ ಹಿಂದೆ ನಾನು ಓಡಿದೆ. ಆಚೆ ಮಗ್ಗುಲಿಗೆ ಇಳಿದಾಗ ಒಮ್ಮೆ ನಿಂತು ಹಿಂದಿರುಗಿ ನೋಡಿದಳು. "ನಮ್ ಬೆಟ್ಟ ಈ ಕಡೆಯಿಂದ ಹಿಂಗೈತಾ?" ಅಂದಳು. ಅಷ್ಟು ವರ್ಷ ಅದರ ಬುಡದಲ್ಲೇ ಬದುಕಿ ಅದರ ಬೆನ್ನನ್ನು ಅವಳು ನೋಡಿರಲಿಲ್ಲ.

ಭಾಗ್ಯಳ ತಾತ ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಅವಳ ಅವ್ವ ನೀರು ತಂದುಕೊಟ್ಟರೆ ಅಜ್ಜಿ ಮುಟ್ಟಲಿಲ್ಲ, ಮಾತಾದ ಮೇಲೆ ಎಂದಳು. ಆಮೇಲೆ ಮೇಷ್ಟ್ರು ಕಲ್ಲು ನೆಕ್ಕಿದ್ದರಿಂದ ಹಿಡಿದು ತಮ್ಮನು ಅಕ್ಕನ ಮಗ್ಗುಲು ಸೀಳಿಕೊಂಡು ಬಂದದ್ದರ ತನಕ ಒಂದನ್ನೂ ಬಿಡದೆ ಹೇಳಿ, "ಅಕ್ಕನ ಮನೇಲಿ ಗಂಡಿದ್ದಾಗ ಕೇಳ್ದಲೇ ಹೆಣ್ಣ ಹೊರಕ್ಕೆ ಕೊಡೋದು ಯಾವೂರ ನ್ಯಾಯ? ನೀವೇ ಹೇಳ್ಬುಡಿ" ಎಂದಳು. ಬಾಗಿಲ ಮರೆಯಲ್ಲಿ ಭಾಗ್ಯಳ ಸೆರಗಿನ ತುದಿ ಕಾಣುತ್ತಿತ್ತು. ಅದು ಅಲ್ಲಾಡುತ್ತಿರಲಿಲ್ಲ.

ತಾತ ಹೊಸೆಯುತ್ತಿದ್ದ ಹಗ್ಗವನ್ನು ಪಕ್ಕಕ್ಕಿಟ್ಟ. ಬಹಳ ಹೊತ್ತು ಕೆಂಪುಬೆಟ್ಟವನ್ನೂ, ಅದರಾಚೆಯ ಕರಿಬೆಟ್ಟವನ್ನೂ ನೋಡಿದ. ಆತನೇ ಅಜ್ಜಿಗಿಂತ ವಯಸ್ಸಿನಲ್ಲಿ ದೊಡ್ಡವನಿರಬೇಕು.

"ತಮ್ಮ ಅಂತೀಯಾ?"

"ತಮ್ಮನೇ."

"ನಂಗೂ ಮೊದ್ಲಿಂದ ಅನುಮಾನ ಇತ್ತು" ಎಂದ ತಾತ, "ನಮ್ ಬೆಟ್ಟ ಹೆಂಗ್ಸು ಅಂದ್ರೆ ನಾನೆಂದೂ ನಂಬಿರ್ನಿಲ್ಲ." ಅಜ್ಜಿಯ ಕಡೆ ತಿರುಗಿ, "ಮಾಗಡಿಯೋರ್ಗೆ ಬರ್ಬ್ಯಾಡಿ ಅಂತ ಹೇಳಿ ಕಳುಸ್ತೀನಿ. ಇನ್ನಾದ್ರೂ ನೀರು ಕುಡಿ ಅಕ್ಕ" ಅಂದ.

ಅಜ್ಜಿ ಚೊಂಬೆತ್ತಿ ಗಟಗಟ ಕುಡಿದಳು. ಒಳಗಿನಿಂದ ಸೆರಗಿನ ತುದಿ ಮಾಯವಾಗಿ, ಏನೋ ಪಾತ್ರೆ ಬಿದ್ದ ಸದ್ದಾಯಿತು. ನನ್ನ ಕಣ್ಣು ತುಂಬಿ ಬಂದಿತ್ತು. ಬಿಸಿಲಿಗೆ ಎಂದು ಒರೆಸಿಕೊಂಡೆ.

ನಾವು ಹೊರಡಲು ಎದ್ದಾಗ ತಾತ ಒಳಕ್ಕೆ ಕೂಗಿದ. "ಏ ತಾಯಿ, ಮಡ್ಲಕ್ಕಿ ತತ್ತಾ." ಭಾಗ್ಯಳ ಅವ್ವ ಅಕ್ಕಿ, ಬೆಲ್ಲ, ತೆಂಗಿನಕಾಯಿ ಇಟ್ಟ ಮೊರ ಹಿಡಿದು ಬಂದವಳು ಅಜ್ಜಿಯ ಬರಿಹಣೆಯನ್ನು ನೋಡಿ ಹಿಂದೆಮುಂದೆ ನೋಡಿದಳು. ಗಂಡನಿಲ್ಲದವಳಿಗೆ ಮಡಿಲಕ್ಕಿ ತುಂಬುವ ರೂಢಿ ನಮ್ಮಲ್ಲಿಲ್ಲ. ತಾತ ರೇಗಿದ. "ಏನ್ ನೋಡ್ತೀಯ? ಅಕ್ಕ ತಮ್ಮನ ಮನೆಯಿಂದ ಬರೀ ಮಡ್ಲಲ್ಲಿ ಹೋಗ್ಬೇಕಾ? ಹುಯ್ಯಿ."

ಅಜ್ಜಿ ಸೆರಗೊಡ್ಡಿದಳು. ಅವಳು ಹೆತ್ತವರಿಗೆ ಒಬ್ಬಳೇ ಮಗಳು. ಮದುವೆಯಾಗಿ ಬಂದ ಕೆಲವೇ ದಿನಗಳಲ್ಲಿ ಇಬ್ಬರೂ ತೀರಿಕೊಂಡಿದ್ದರು, ಆ ಮನೆಯೂ ಉಳಿದಿರಲಿಲ್ಲ. ಗೌರಿ ಹಬ್ಬಕ್ಕೆ ಊರಿನ ಹೆಣ್ಣುಮಕ್ಕಳೆಲ್ಲ ತವರಿಗೆ ಹೊರಡುವಾಗ ಅವರವರ ಎಮ್ಮೆಗೆ ಹುಲ್ಲು ಹಾಕುವ ಕೆಲಸ ಅವಳದು.

ವಾಪಸು ಬರುವಾಗ ಮಡಿಲಕ್ಕಿಯನ್ನು ನಾನು ಹೊರುತ್ತೇನೆಂದರೂ ಕೊಡಲಿಲ್ಲ. ಕಣಿವೆಯ ನಡುವೆ ಒಂದು ಗುಂಡಿನ ಮೇಲೆ ಕೂತು ಉಸಿರು ಬಿಟ್ಟಳು. ಸೆರಗಿನ ಗಂಟನ್ನು ಬಿಚ್ಚಿ, ಅಕ್ಕಿಯನ್ನು ಮುಟ್ಟಿ ನೋಡಿ, ಮತ್ತೆ ಕಟ್ಟಿದಳು.

"ಮದ್ವೆ ದಿನ ನೀವ್ ನೀವೇ ನೋಡ್ಕಳಿ" ಎಂದಳು. "ಗೌರಿ ಹಬ್ಬದ ಆಸುಪಾಸ್ಗೆ ಮಾತ್ರ ಮಡೀಕಬ್ಯಾಡಿ. ಆಗ ನಾನು ಇರಾಕಿಲ್ಲ ಕಣಪ್ಪ. ತವರಿಗೆ ಹೋಗ್ಬೇಕು."